ಸೊನ್ನೆ ಪಾಯಿಂಟ್ ಒಂಬತ್ತು

ಎಲುಬಿನ ಪೆಟ್ಟಿಗೆಗೆ ಬೀಗವಿಲ್ಲ, ಚಿಲಕಕ್ಕೆ ತುಕ್ಕು.
ಕಾರವಾರದಲ್ಲಿ ಯಾವ ಕಬ್ಬಿಣವೂ
ಎರಡು ಮಳೆಗಾಲ ಬಾಳುವುದಿಲ್ಲ.
ಲೂರ್ದಿನಾ ಸಿಸ್ಟರ್ ನನ್ನ ಕೈಗೆ ಎತ್ತಿ ಕೊಟ್ಟರು
ಒಂದು ತೊಡೆಯ ಮೂಳೆ:
"ಎಡದ್ದೋ ಬಲದ್ದೋ, ಹೇಳು."

ನನ್ನ ತೊಡೆಗೇ ಹಿಡಿದು ನೋಡಿದೆ,
ಅಂಗಡಿಯಲ್ಲಿ ಸೀರೆಯ ಸೆರಗನ್ನು
ಹೆಗಲಿಗೆ ಹಿಡಿದು ನೋಡುವ ಹಾಗೆ.
ಎಲ್ಲರೂ ನಕ್ಕರು.
ಎಡದ್ದು, ಅಂದೆ. ಎಡದ್ದೇ ಆಗಿತ್ತು.
ನನ್ನದಕ್ಕಿಂತ ಎರಡು ಬೆರಳು ಗಿಡ್ಡ.
ಯಾರೋ ಕುಳ್ಳಿ, ಅಥವಾ ಇನ್ನೂ ಬೆಳೆಯುತ್ತಿದ್ದವಳು.
ಆ ಪ್ರಶ್ನೆ ಸಿಲೆಬಸ್ಸಿನಲ್ಲಿ ಇಲ್ಲ.

ಗ್ಯಾಸ್ಟ್ರಾಕ್ನೀಮಿಯಸ್ ಎಂಬ ಹೆಸರು ನನ್ನ ಬಾಯಲ್ಲಿ
ಬಿಸಿ ಗೆಣಸಿನ ತುಂಡಿನಂತೆ ಹೊರಳುತ್ತದೆ.
ಅವ್ವಿ ಅದಕ್ಕೆ ಮೀನಖಂಡ ಅನ್ನುತ್ತಾಳೆ.
ರಾತ್ರಿ ಹಾಸ್ಟೆಲ್ಲಿನ ಮಂಚದ ಮೇಲೆ ಕಾಲು ಚಾಚಿ
ರೋಸಿನಾ ಸಿದ್ದಿಗೆ ತೋರಿಸಿದೆ: ನೋಡೇ,
ಇಲ್ಲಿ ಮೀನು, ಇಲ್ಲಿ ಮಂಡಿಯ ಚಿಪ್ಪು,
ಕಿವಿಯೊಳಗೆ ಒಂದು ಶಂಖ.
"ನೀವು ಕರಾವಳಿಯವರು
ಮೈಯೊಳಗೂ ಬಲೆ ಬೀಸ್ತೀರಿ," ಅಂದಳು ಅವಳು,
"ನಮಗೆ ಬೆನ್ನಿನ ಹುರಿಯೊಂದು ಸಾಕು,
ಸೌದೆ ಕಟ್ಟೋಕೆ."
ಪುಸ್ತಕ ಮುಖದ ಮೇಲೆ ಮುಚ್ಚಿಕೊಂಡು ಮಲಗಿಬಿಟ್ಟಳು.

ಹೃದಯ ಮಾತ್ರ ನನಗೆ ಮೊದಲ ದಿನವೇ ಬಂತು.
ಸಾಣಿಕಟ್ಟಾದಲ್ಲಿ ಹುಟ್ಟಿದವಳಿಗೆ
ಕವಾಟ ಯಾರು ಕಲಿಸಬೇಕು?
ಭರತಕ್ಕೆ ತೆರೆದು, ನೀರು ಹಿಂದೆ ಸರಿಯುವಾಗ
ತಾನಾಗಿ ಮುಚ್ಚಿಕೊಳ್ಳುವ ತೂಬಿನ ಹಲಗೆ.
ಹಲಗೆ ಸೀಳಿದ ವರ್ಷ
ಸೋರುವ ಸದ್ದು ನಡುರಾತ್ರಿ ಕೇಳಿಸುತ್ತಿತ್ತು,
ಅಪ್ಪ ಟಾರ್ಚು ಹಿಡಿದು ಎದ್ದು ಹೋಗುತ್ತಿದ್ದ.
ಡಾಕ್ಟರುಗಳು ಅದಕ್ಕೆ ಮರ್ಮರ್ ಅನ್ನುತ್ತಾರಂತೆ.
ಪರೀಕ್ಷೆಯಲ್ಲಿ ಅಪ್ಪನ ಟಾರ್ಚು ಬರೆದರೆ
ಅಂಕ ಇಲ್ಲ.

ಆಮೇಲೆ ಬಂತು ಉಪ್ಪಿನ ಪಾಠ.
ರಕ್ತ ಒಪ್ಪುವ ನೀರಿನ ಲೆಕ್ಕ:
ನೂರು ಮಿಲಿಗೆ ಸೊನ್ನೆ ಪಾಯಿಂಟ್ ಒಂಬತ್ತು ಗ್ರಾಂ.
ಅಷ್ಟೇ. ಎರಡು ಚಿಟಿಕೆ.
ಹೆಚ್ಚಾದರೆ ಕಣ ಮುದುಡುತ್ತದೆ,
ಕಡಿಮೆಯಾದರೆ ಉಬ್ಬಿ ಒಡೆಯುತ್ತದೆ.
ಮೂವತ್ತು ವರ್ಷ ಅವ್ವಿ ಆಗರದಲ್ಲಿ ಹೊತ್ತ ಬುಟ್ಟಿಗಳನ್ನು
ನೋಟ್ಸಿನ ಹಿಂದಿನ ಪುಟದಲ್ಲಿ
ಆ ಎರಡು ಚಿಟಿಕೆಯಿಂದ ಭಾಗಿಸುತ್ತ ಕೂತೆ,
ಎಷ್ಟು ಜನರ ಮೈಗೆ ಸಾಕಾಗುತ್ತಿತ್ತು ಎಂದು.
ಸೊನ್ನೆಗಳು ಹಾಳೆ ದಾಟಿದವು. ಬಿಟ್ಟೆ.

ಚೌತಿ ಕಳೆದ ವಾರ ಅವ್ವಿಯೇ ಬಂದಳು,
ತಲೆ ತಿರುಗುತ್ತದೆ ಎಂದು.
ಸಿಸ್ಟರ್ ಬಿ.ಪಿ. ಪಟ್ಟಿ ನನ್ನ ಕಡೆ ಚಾಚಿದರು: "ನೀನೇ ನೋಡು."
ತೋಳಿಗೆ ಸುತ್ತಿದೆ. ಮೊಣಕೈಯ ಮಡಿಕೆಯ ಒಳಬದಿಗೆ
ಬೆರಳಿಟ್ಟು ಹುಡುಕಿದೆ ಬ್ರೇಕಿಯಲ್ ಧಮನಿ.
ಚಿತ್ರ ನಲವತ್ತೊಂದರಲ್ಲಿ ತೋರಿಸಿದ ಜಾಗದಲ್ಲೇ ಇತ್ತು.
ಅವಳು ಪುಸ್ತಕ ಮುಟ್ಟಿದವಳೇ ಅಲ್ಲ,
ಆದರೂ ಅಲ್ಲೇ ಇತ್ತು.
ನನಗೆ ಎಣಿಕೆ ತಪ್ಪಿತು, ಮತ್ತೆ ಗಾಳಿ ತುಂಬಿದೆ.

ನೂರಾ ಎಪ್ಪತ್ತು, ನೂರು.
"ಉಪ್ಪು ಕಡಿಮೆ ಮಾಡಬೇಕು," ಅಂದರು ಡಾಕ್ಟರು,
ನನ್ನತ್ತ ತಿರುಗಿ: "ಅವರ ಭಾಷೆಯಲ್ಲಿ ಹೇಳಮ್ಮ."

ಹೇಳಿದೆ.
ಅವ್ವಿ ತನ್ನ ಅಂಗೈ ನೋಡಿಕೊಂಡಳು,
ಸೆರಗು ಬಾಯಿಗೊತ್ತಿ ನಕ್ಕಳು:
"ಉಂಬೂದು ಬಿಡ್ತೆ ಮಗಾ.
ಹೊರೂದು ಬಿಡೂಕೂ
ಚೀಟಿ ಬರ್ದ್ಕೊಡ್ತ್ರಾ ಕೇಳು."

ಕೇಳಲಿಲ್ಲ.
ಮುಂದಿನ ರೋಗಿ ಆಗಲೇ ಸ್ಟೂಲಿನ ಮೇಲೆ ಕೂತಿದ್ದ.

ಬಸ್‌ಸ್ಟ್ಯಾಂಡಿನಲ್ಲಿ ಅವಳು
ಪೇಪರಿನಲ್ಲಿ ಸುತ್ತಿ ತಂದ ಒಣಮೀನು
ನನ್ನ ಬಿಳಿ ಕೋಟಿನ ಜೇಬಿಗೆ ತುರುಕಿದಳು.
ಕುಮಟೆ ಬಸ್ಸಿನ ಮೆಟ್ಟಿಲು ಎತ್ತರ.
ಕಂಬಿ ಹಿಡಿದು ಏರುವಾಗ
ಮೀನಖಂಡ ಬಿಗಿದು ಗಂಟಾಯಿತು,
ಹಿಮ್ಮಡಿ ಮೇಲೆದ್ದಿತು.
ಎಲ್ಲಿ ಹುಟ್ಟುತ್ತದೆ, ಎಲ್ಲಿ ಅಂಟಿಕೊಳ್ಳುತ್ತದೆ,
ಏನನ್ನು ಎತ್ತುತ್ತದೆ,
ಈಗ ತಡವರಿಸದೆ ಹೇಳಬಲ್ಲೆ.

ಹಿಮ್ಮಡಿಯ ಬಿರುಕಿನಲ್ಲಿ ಬೆಳ್ಳಗೆ ಏನೋ ಇತ್ತು.
ಸುಣ್ಣವಿರಬೇಕು, ಆಗರಕ್ಕೆ ಇದು ಕಾಲವಲ್ಲ.

ಸೋಮವಾರ ವೈವಾ.