ಅಪ್ಪನ ಗುಂಡಿಯ ರಸೀದಿ

ರಸೀದಿ ನನ್ನ ಟ್ರಂಕಿನಲ್ಲಿತ್ತು,
ನುಸಿಗುಳಿಗೆಯ ವಾಸನೆ ಹಿಡಿದು, ಮದುವೆ ಸೀರೆಯ ಅಡಿಯಲ್ಲಿ:
ಹೊಸೂರು ರಸ್ತೆಯ ಸ್ಮಶಾನ, ಹನ್ನೊಂದನೇ ಸಾಲು,
ಚೌರಪ್ಪ, ಗಾರೆ ಕೆಲಸ, ಶೂಲೆ.
ಅದನ್ನು ತೋರಿಸದೆ ಗುಂಡಿ ತೆರೆಯುವಂತಿಲ್ಲ.
(ಗುಂಡಿ ಅಂದರೆ ಅಂಗಿಯದ್ದಲ್ಲ.
ನಾನು ಟೈಲರು, ಹೇಳಿಬಿಡಬೇಕು.)
ಈ ಊರಲ್ಲಿ ಇದ್ದವರಿಗೇ ಜಾಗವಿಲ್ಲ,
ಸತ್ತವರು ಒಬ್ಬರ ಮೇಲೊಬ್ಬರು ಮಲಗುತ್ತಾರೆ,
ಸಂಸಾರಕ್ಕೆ ಒಂದೇ ಗುಂಡಿ, ಒಂದೇ ಶಿಲುಬೆ.

ಪವಿತ್ರ ವಾರದ ಮಂಗಳವಾರ, ಹಾಲಿನವನಿಗಿಂತ ಮೊದಲು
ಲೂರ್ದು ಬಂದು ಗೇಟಿನಾಚೆ ನಿಂತಳು.
ಚಪ್ಪಲಿ ಬಿಡಲಿಲ್ಲ.
"ರಾತ್ರಿ ಹೋಗ್ಬಿಟ್ರು, ಅತ್ತಿಗೆ" ಅಂದಳು.
ಹೋದವನು ಇನ್ನಾಸಿ, ನನ್ನ ಬೆನ್ನಿಗೆ ಬಿದ್ದವನು,
ಸೊಂಟದ ಮೇಲೆ ಹೊತ್ತು ನಾನು
ಜಾನ್ಸನ್ ಮಾರ್ಕೆಟ್ಟಿನ ಮೀನಂಗಡಿ ತೋರಿಸಿದವನು,
ಜ್ವರದಲ್ಲಿ ಬಿದ್ದ ಅವ್ವನ ಹೆಬ್ಬೆಟ್ಟು ಹಿಡಿದು
ಇದ್ದೊಂದು ಮನೆಯನ್ನು ತನಗೆ ಬರೆಸಿಕೊಂಡವನು.

ಅವ್ವನ ಹೆಣ ತೊಳೆದವಳು ನಾನು.
ಮೈಯೆಲ್ಲ ತೊಳೆದೆ. ಹೆಬ್ಬೆಟ್ಟಿನ ನೀಲಿ ಬಿಡಲಿಲ್ಲ.
ಸೀಗೆಪುಡಿ ಹಾಕಿದೆ, ಸೀಮೆಎಣ್ಣೆ ಹಾಕಿದೆ,
ಕಡೆಗೆ ಜಪಸರ ಸುತ್ತಿ ಮುಚ್ಚಿದೆ.

ಅಲ್ಲಿಂದ ಹದಿನಾರು ವರ್ಷ
ಪರಲೋಕ ಮಂತ್ರದ ಆ ಒಂದು ಸಾಲು ಬಂದಾಗೆಲ್ಲ
ನನಗೆ ಕೆಮ್ಮು.
ಪೂಜೆಯಲ್ಲಿ ಒಬ್ಬರಿಗೊಬ್ಬರು ಶಾಂತಿ ಹೇಳುವಾಗ
ಅವನು ನಾಲ್ಕು ಬೆಂಚು ಮುಂದೆ,
ನಾನು ಬಲಗಡೆಯ ಕಂಬಕ್ಕೆ ಕೈಮುಗಿಯುತ್ತಿದ್ದೆ.
ಒಂದು ಸಲ ಅವನು ಹಿಂದೆ ತಿರುಗಿದ.
ನಾನು ಪರ್ಸಿನಲ್ಲಿ ಚಿಲ್ಲರೆ ಹುಡುಕಿದೆ.

ಕಚೇರಿಯಲ್ಲಿ ಗುಮಾಸ್ತರು ಕಾಗದ ಸರಿಸಿದರು:
"ಆಕ್ಷೇಪಣೆ ಇಲ್ಲ ಅಂತ ಒಂದು ಸಹಿ."
ಇತ್ತು. ಹದಿನಾರು ವರ್ಷದ್ದು ಇತ್ತು.
ಪಕ್ಕದಲ್ಲಿ ಲೂರ್ದು. ಅವಳ ರವಿಕೆಯ ತೋಳು ಹರಿದು
ಬೇರೆ ಬಣ್ಣದ ದಾರದಲ್ಲಿ ಕೈಹೊಲಿಗೆ ಬಿದ್ದಿತ್ತು.
ಮನೆ ಬರೆಸಿಕೊಂಡವನ ಹೆಂಡತಿ.
ಕೈ ನಡುಗಿತು, ಅಕ್ಷರ ಏಳಲಿಲ್ಲ.
"ಬಿಡೀಮ್ಮ, ಹೆಬ್ಬೆಟ್ಟು ಒತ್ತಿ" ಅಂದರು,
ಶಾಯಿಡಬ್ಬಿಯ ಮುಚ್ಚಳ ತೆಗೆದರು.

ಒತ್ತಿದೆ.
ಕ್ಷಮಿಸಿದೆ ಅಂತಲ್ಲ. ಬಿಸಿಲಿತ್ತು,
ಹೆಣ ಕಾಯುತ್ತಿತ್ತು.

ಬುಧವಾರ ಸವರಿ ಗುಂಡಿ ಅಗೆದ.
ಗೋಡೆಯಾಚೆ ನಿಂತಲ್ಲೇ ನಿಂತ ಬಸ್ಸುಗಳ ಹಾರನ್ನು.
ಮೊದಲು ಅವ್ವ ಬಂದಳು, ಆಮೇಲೆ ಅಪ್ಪ.
ಗಾರೆ ಕಲಸುತ್ತಿದ್ದ ಅಪ್ಪ
ಒಂದು ಬಾಂಡ್ಲಿಗೆ ಆಗುವಷ್ಟು.
"ನೋಡಬೇಡಿ ಅಕ್ಕ" ಅಂದ ಸವರಿ. ನೋಡಿದೆ.
ಜಪಸರದ ಮಣಿಗಳು ಹಾಗೇ ಇದ್ದವು,
ನಡುವೆ ಹೆಬ್ಬೆಟ್ಟಿನ ಮೂಳೆ,
ಕಡಲೆಕಾಯಿಯಷ್ಟು, ಅಕ್ಕಿ ತೊಳೆದ ನೀರಿನ ಬಣ್ಣ.
ನೀಲಿ ಎಲ್ಲೂ ಇರಲಿಲ್ಲ.
ತಿರುಗಿಸಿ ತಿರುಗಿಸಿ ನೋಡಿದೆ.
ಮಣ್ಣು ಯಾವತ್ತೋ ತೊಳೆದು ಮುಗಿಸಿತ್ತು,
ನನ್ನನ್ನು ಕೇಳದೆ.

ನಾನೇ ಹೊಲಿದ ಬಿಳಿ ಚೀಲದಲ್ಲಿ ಇಬ್ಬರನ್ನೂ ಕಟ್ಟಿ
ಇನ್ನಾಸಿಯ ತಲೆಯ ಬದಿಗಿಟ್ಟೆವು.
ಅವ್ವನ ಪಕ್ಕ ಮಲಗಲು ಚಿಕ್ಕಂದಿನಲ್ಲೂ ಅವನದೇ ಹಟ.
ಸವರಿ ಕೋಲಿನಿಂದ ಅಳೆದು ಹೇಳಿದ:
"ಮೇಲೆ ಇನ್ನೊಂದಕ್ಕೆ ಜಾಗ ಇದೆ."
ಯಾರಿಗೆ ಅಂತ ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಶನಿವಾರ ರಾತ್ರಿ ದೇವಾಲಯದ ದೀಪವೆಲ್ಲ ಆರಿಸಿ
ಅಂಗಳದಲ್ಲಿ ಹೊಸ ಬೆಂಕಿ ಹೊತ್ತಿಸಿದರು.
ಬತ್ತಿಯಿಂದ ಬತ್ತಿಗೆ ಬೆಳಕು ಬೆಂಚು ದಾಟಿ ಬಂತು.
ನಾಲ್ಕು ಬೆಂಚು ಮುಂದೆ ಒಂದು ಜಾಗ ಖಾಲಿ.
ಲೂರ್ದು ಬಾಗಿಲ ಹತ್ತಿರ, ಬತ್ತಿ ತರಲು ಮರೆತು.
ನನ್ನದನ್ನು ಮುರಿದು ಅರ್ಧ ಕೊಟ್ಟೆ.
ಮೇಣ ಹೆಬ್ಬೆಟ್ಟಿನ ಮೇಲೆ ಬಿತ್ತು.
ಶಾಯಿ ಇನ್ನೂ ಹೋಗಿರಲಿಲ್ಲ.

ಎಲ್ಲರೂ ಏಳುವ ಆ ದಿನ
ತೂಗುಗುಂಡು ಬಿಟ್ಟು
ಗುಂಡಿಯ ಗೋಡೆ ನೇರವೇ ಎಂದು ಅಪ್ಪ ನೋಡಿಯಾನು.
ಯಾರ ಮೂಳೆ ಯಾರದೋ, ಆ ಇಕ್ಕಟ್ಟಿನಲ್ಲಿ
ಒಬ್ಬರ ಕೈ ಒಬ್ಬರು ಹಿಡಿಯದೆ ಹೊರಗೆ ಬರಲಾಗದು.
ಮೇಲಿನವಳು ನಾನು.
ಮೊದಲು ನಾನೇ ಏಳಬೇಕು,
ಅವನು ಏಳಲು.