ಗೆರೆ ಸವೆದ ಬೆರಳು

ಶಿಡ್ಲಘಟ್ಟದ ರೀಲಿಂಗ್ ಓಣಿ;
ಬೇಯುವ ಗೂಡಿನ ನಾತ ಮಾಸ್ಕಿನೊಳಗೂ.
ನನ್ನ ಗುಲಾಬಿ ಸೀರೆ ಕಂಡರೆ ಸಾಕು,
ಒಳಗಿಂದಲೇ: "ಯಾರಿಗೂ ಏನಿಲ್ಲ, ಹೋಗಮ್ಮ."

ಮೂರನೆಯ ದಿನ ಪ್ಯಾರೇಜಾನ್ ಸಾಬರು
ಮಸೀದಿಯ ಮೈಕಿನಲ್ಲಿ ನನ್ನ ಹೆಸರು ಹೇಳಿದರು,
ನಮ್ಮ ಮನೆಮಗಳೆಂದು.
ಬಚ್ಚಮ್ಮ ಹೋಗಿ ಪಾಪಮ್ಮ ಆಗಿದ್ದೆ.
ಇರಲಿ, ಪಾಪಮ್ಮನಿಗೆ ಬಾಗಿಲು ತೆರೆಯಿತು.

ಉರ್ದು ಶಾಲೆಯಲ್ಲಿ ಹತ್ತು ಮಂಚ.
ಹುಳು ಸಾಕುವ ಹಳ್ಳಿಯಿಂದ ಮುನಿಶಾಮಿ
ಟೆಂಪೋ ತುಂಬ ಚಂದ್ರಿಕೆ ತಂದ.
ಹಣ್ಣಾದ ಹುಳು ಹತ್ತುವ ಬಿದಿರು
ಕೆಮ್ಮಿಗೂ ಕೆಮ್ಮಿಗೂ ನಡುವೆ ಗೋಡೆಯಾಯಿತು.
"ಬಾಡಿಗೆ?" ಎಂದರೆ, "ನನ್ನ ಗೂಡು ಕೊಳ್ಳೋರು ಇವರೇ ತಾನೆ,
ಇವರು ಬದುಕಲಿ ಮೊದಲು."

ಶಮೀಮ್ ಬೀ ಬೆರಳು ಚಾಚಲೊಲ್ಲಳು.
ಮೂವತ್ತು ವರ್ಷ ಕುದಿನೀರಲ್ಲಿ ಎಳೆ ಹುಡುಕಿ ಹುಡುಕಿ
ಗೆರೆಯೆಲ್ಲ ಅಳಿಸಿದ ಬೆರಳು.
ರೇಷನ್ ಅಂಗಡಿಯ ಯಂತ್ರ ಮೂರು ತಿಂಗಳಿಂದ
ನೀನು ನೀನಲ್ಲ ಅಂದಿದೆ.
"ಇದಕ್ಕೂ ನಾನು ಗೊತ್ತಾಗಲ್ಲ ಬಿಡು."
ಆಕ್ಸಿಮೀಟರು ಪುಟ್ಟ ಬಾಯಲ್ಲಿ ಕಚ್ಚಿತು,
ಅಂಕಿ ನಡುಗಿ ನಡುಗಿ ನಿಂತಿತು:
ಎಂಬತ್ತೊಂಬತ್ತು.
ನೋಡು, ಗೊತ್ತಾಯಿತಲ್ಲ ಎನ್ನಲು ಹೋಗಿ
ನಾಲಿಗೆ ಕಚ್ಚಿಕೊಂಡೆ.

ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ಮತ್ತೆ ಯಂತ್ರ, ಮತ್ತೆ ಬೆರಳು.
ಈ ಸಲ ಓಣಿ ಸುಮ್ಮನಿರಲಿಲ್ಲ:
ಮಗ್ಗುಲ ಮನೆಯವಳು, ಸಾಬರು, ಮುನಿಶಾಮಿ, ನಾನು
ಬಿಳಿ ಹಾಳೆಯ ಮೇಲೆ ನಾಲ್ಕು ರುಜು ಹಾಕಿ ಬರೆದೆವು:
ಇವಳು ಇವಳೇ.

ಹದಿನೇಳು ದಿನಕ್ಕೆ ತಿರುಗಿ ಬಂದಳು.
ಅಕ್ಕಿಯ ಯಂತ್ರ ಇನ್ನೂ ಒಪ್ಪಿಲ್ಲ;
ತಿಂಗಳಿಗೊಮ್ಮೆ ಆ ಹಾಳೆ ಹಿಡಿದು
ನಾವು ನಾಲ್ವರೂ ಸಾಲಲ್ಲಿ ನಿಲ್ಲುತ್ತೇವೆ.
ಒಲೆಯ ಮುಂದಿಂದ ಕೂಗುತ್ತಾಳೆ,
"ಪಾಪಮ್ಮಾ, ಚಾ ಕುಡಿದು ಹೋಗು."
ಬಂದೆ, ಎನ್ನುತ್ತೇನೆ.