ರೈಟ್, ಪೋಯಿ

ಇಪ್ಪತ್ತೆರಡು ವರ್ಷ ನಾನು ಆಡಿದ ಇಂಗ್ಲಿಷು
ಒಂದೇ ಶಬ್ದ.
ಸ್ಟೇಟ್ ಬ್ಯಾಂಕಿನಲ್ಲಿ ಹಿಂಬಾಗಿಲ ತಗಡಿಗೆ ಅಂಗೈ ಬಡಿದು
ರೈಟ್.
ಹಂಪನಕಟ್ಟೆಯಲ್ಲಿ, ಜ್ಯೋತಿಯಲ್ಲಿ,
ಕಂಕನಾಡಿ ಮಾರ್ಕೆಟಿನೆದುರು ಟಿಕೆಟಿನ ಕಟ್ಟು ಹಲ್ಲಲ್ಲಿ ಕಚ್ಚಿಕೊಂಡೇ
ರೈಟ್.

ಅದು ಒಂಟಿಯಾಗಿ ಹೊರಟದ್ದಿಲ್ಲ ಯಾವತ್ತೂ.
ಬೆನ್ನಿಗೊಂದು ತುಳು: ರೈಟ್, ಪೋಯಿ.
ಪೋಯಿ ಅಂದರೆ ನಮ್ಮಲ್ಲಿ ಹೋಗುವ.
ತಲಪಾಡಿ ಗೇಟು ದಾಟಿದರೆ ಅದೇ ಪೋಯಿ
ಹೋಯಿತು, ಮುಗಿಯಿತು.
ಡ್ರೈವರ್ ವಲೇರಿಯನ್ನನಿಗೆ ಎರಡೂ ಗೊತ್ತು.
ಕ್ಲಚ್ ಬಿಡಲು ಅವನಿಗೆ ಮೊದಲರ್ಧವೇ ಸಾಕು.

ಮಗಳು ನಿರೀಕ್ಷಾಳಿಗೆ ಆರನೇ ಕ್ಲಾಸಿನ ಹೋಮ್‌ವರ್ಕು,
ಒಂದು ಶಬ್ದಕ್ಕೆ ಐದು ಅರ್ಥ.
ಅಪ್ಪಾ, ರೈಟ್ ಅಂದರೆ ಬಲಗಡೆ.
ಬಾಗಿಲಿರುವುದು ಎಡಕ್ಕಲ್ಲವಾ ಮಗಾ?
ರೈಟ್ ಅಂದರೆ ಸರಿ.
ಲೆಕ್ಕದ ಪುಸ್ತಕದಲ್ಲಿ ಟೀಚರು ಹಾಕುವ ಕೆಂಪು ಗೀಟಿಗೂ
ಅದೇ ಹೆಸರು.
ರೈಟ್ ಅಂದರೆ ಹಕ್ಕು.
ನಾನೂ ಒಂದು ಕೊಟ್ಟೆ:
ಊಟ ಮುಗಿಸಿದ ನೆಂಟರು, ರೈಟ್, ಬರ್ತೇನೆ, ಅನ್ನುವುದಿಲ್ಲವಾ?
ಆಚೆಮನೆ ತ್ಯಾಂಪಣ್ಣ ತೀರಿಕೊಂಡಾಗಲೂ ಯಾರೋ ಅಂದಿದ್ದರು,
ಅವ ರೈಟ್ ಹೇಳಿದ ಅಂತ.
ಅದನ್ನು ಅವಳು ಬರೆದುಕೊಳ್ಳಲಿಲ್ಲ.
ಬರೆ ಅಂದರೂ ರೈಟೇ ಅಪ್ಪಾ,
ಮುಂದೊಂದು ಡಬ್ಲ್ಯು ಇದೆ, ಬಾಯಿ ಬಿಡದೆ ಕೂತಿರುತ್ತದೆ.
ಟಿಕೆಟ್ ಇಲ್ಲದೆಯಾ, ಕೇಳಿದೆ.
ನಕ್ಕಳು.

ಬಂಗುಡೆ ಸೋವಿಯಾಗಿದ್ದ ಒಂದು ಶುಕ್ರವಾರ
ಲಚ್ಚಿಯಕ್ಕನ ಬುಟ್ಟಿ ಮೇಲೆ ಬಂದಿತ್ತು.
ಒಂದು ಕಾಲು ಫುಟ್‌ಬೋರ್ಡಿನಲ್ಲಿ,
ಇನ್ನೊಂದು ಡಾಮರಿನಲ್ಲಿ.
ನಾನು ಯಾರದೋ ಐನೂರಕ್ಕೆ ಚಿಲ್ಲರೆ ಎಣಿಸುತ್ತಿದ್ದೆ.
ಬಾಯಿ ತನ್ನಷ್ಟಕ್ಕೆ ಅಂದಿತು.
ವಲೇರಿಯನ್ ಕ್ಲಚ್ ಬಿಟ್ಟ.

ವೆನ್ಲಾಕಿನಲ್ಲಿ ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು
ಯಾವ ಕಾಲೆಂದು ನರ್ಸಿಗೆ ಹೇಳಿದರು:
ರೈಟ್.
ನಿಂತಲ್ಲೇ ಕಂಬಿ ಹುಡುಕಿತು ನನ್ನ ಕೈ.

ಸ್ಟೇಷನ್ನಿನಲ್ಲಿ ಪೆನ್ನು ಹಿಡಿದು ಕೂತವನು ರೈಟರು.
ಯೂನಿಯನ್ನಿನ ಕೊಗ್ಗಣ್ಣ ಕಿವಿಯ ಹತ್ತಿರ ಬಂದ:
ನೀನು ಹೇಳಿದ್ದು ರೈಟೇ,
ಅವಳು ಹತ್ತಿದ್ದು ತಡ. ಹಾಗಂತ ಬರೆಸು.

ಬರೆಸಿದೆ.

ಆಮೇಲೆ ನಾನು ಕೂಗುವುದು ಬಿಟ್ಟೆ.
ಪ್ರತಿ ಸ್ಟಾಪಿನಲ್ಲಿ ಕೆಳಗಿಳಿದು, ಎಲ್ಲರ ಎರಡೆರಡು ಕಾಲು ನೋಡಿ
ತಗಡಿಗೆ ಮೆಲ್ಲಗೆ ಎರಡು ಪೆಟ್ಟು.
ಹಿಂದಿನ ಬಸ್ಸು ಮುಂದೆ ಹೋಗುತ್ತಿತ್ತು.
ಎಂತ ಮಾರಾಯ, ಟೈಮಿಂಗು! ವಲೇರಿಯನ್ ಬೈಯುತ್ತಿದ್ದ.
ಮಗಳ ಪುಸ್ತಕದಲ್ಲಿ ಐದೂ ಅರ್ಥಕ್ಕೆ
ಕೆಂಪು ಗೀಟು ಬಿದ್ದಿತ್ತು.

ಏಳು ತಿಂಗಳು ಕಳೆದು ಬಂದರಿನ ತಿರುವಿನಲ್ಲಿ
ಲಚ್ಚಿಯಕ್ಕ ನಿಂತಿದ್ದಳು.
ಬುಟ್ಟಿಯಿಲ್ಲ, ಕೋಲು.
ತೋಳು ಹಿಡಿಯಹೋದೆ, ಕೊಡವಿದಳು.
ಮೊದಲು ಕೋಲು ಹತ್ತಿತು,
ಆಮೇಲೆ ಎಡ,
ಆಮೇಲೆ ತುಂಬ ಹೊತ್ತು ತೆಗೆದುಕೊಂಡು
ಇನ್ನೊಂದು.
ನನ್ನ ಸೀಟಿನಲ್ಲೇ ಕೂತು, ಸೆರಗು ಸರಿಮಾಡಿ
ಕೋಲಿನಿಂದ ತಗಡಿಗೆ ಬಡಿದಳು:
ರೈಟ್, ಪೋಯಿ!

ವಲೇರಿಯನ್ ಕನ್ನಡಿಯಲ್ಲಿ ನನ್ನ ಮುಖ ನೋಡಿ, ಹೊರಟ.

ಟಿಕೆಟಿಗೆ ಇಪ್ಪತ್ತು ಚಾಚಿದಳು.
ಬೇಡ ಅಂದರೆ ಕೇಳುವ ಹೆಂಗಸಲ್ಲ.
ಚಿಲ್ಲರೆ ಇರಲಿಲ್ಲ. ಟಿಕೆಟಿನ ಹಿಂದೆ ಬರೆದುಕೊಟ್ಟೆ.
ಓದಲು ಬಾರದವಳು ತಲೆಕೆಳಗೆ ಹಿಡಿದು ನೋಡಿದಳು:
ಎಂತ ಬರೆದದ್ದು?

ಬಾಕಿ, ಅಂದೆ.
ಎಂಟು ರೂಪಾಯಿ.